ಸಾಪಾ: ಪಟ್ಟಣದಲ್ಲಿ ಇಳಿಯಿರಿ, ಕಣಿವೆಯಲ್ಲಿ ಉಳಿಯಿರಿ

ಉತ್ತರ ವಿಯೆಟ್ನಾಮಿನಲ್ಲಿ, ಚೀನಾದ ಗಡಿಗೆ ಸಮೀಪದಲ್ಲಿ, ಹೊವಾಂಗ್ ಲಿಯೆನ್ ಪರ್ವತಸಾಲಿನ ಇಳಿಜಾರಿನ ಮೇಲೆ ಸುಮಾರು 1,500 ಮೀಟರ್ ಎತ್ತರದಲ್ಲಿರುವ ಸಾಪಾ ಪಟ್ಟಣವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರೆಂಚರು ತಂಪು ಹವೆಯ ತಂಗುದಾಣವಾಗಿ ಬೆಳೆಸಿದರು. ಅವರ ಕಾಲದ ಕಲ್ಲಿನ ಚರ್ಚು ಇಂದಿಗೂ ಚೌಕದಲ್ಲಿದೆ. ಅದರ ಸುತ್ತ ಈಗ ಹೋಟೆಲುಗಳು ಒಂದಕ್ಕೊಂದು ಒತ್ತಿಕೊಂಡು ಎದ್ದಿವೆ, ಇನ್ನೂ ಏಳುತ್ತಲೇ ಇವೆ. ಪ್ಯಾಕೇಜಿನಲ್ಲಿ ಬಂದವರು ಇಲ್ಲೇ ತಂಗಿ, ಕೇಬಲ್ ಕಾರು ಹತ್ತಿ ಇಳಿದು, ಪಟ್ಟಣದ ಪಕ್ಕದ ಕಾತ್ ಕಾತ್ ಹಳ್ಳಿಯಲ್ಲಿ ಫೋಟೊ ತೆಗೆಸಿಕೊಂಡು ಹಿಂದಿರುಗುತ್ತಾರೆ. ಕಡಿಮೆ ಖರ್ಚಿನಲ್ಲಿ ಸ್ವಂತವಾಗಿ ಹೋಗುವವರಿಗೆ ನಾನು ಹೇಳುವುದು ಬೇರೆ: ಸಾಪಾವನ್ನು ಬಸ್ಸಿನಿಂದ ಇಳಿಯುವ ಜಾಗವೆಂದು ಮಾತ್ರ ಭಾವಿಸಿ, ವಾಸ್ತವ್ಯಕ್ಕೆ ಕೆಳಗಿನ ಮುವೋಂಗ್ ಹೋವಾ ಕಣಿವೆಯ ಹಳ್ಳಿಗಳನ್ನು ಆರಿಸಿಕೊಳ್ಳಿ. ಖರ್ಚೂ ಕಡಿಮೆಯಾಗುತ್ತದೆ, ಯಾವುದನ್ನು ನೋಡಲು ಅಷ್ಟು ದೂರ ಹೋಗುತ್ತೇವೆಯೋ ಅದು ಇರುವುದೂ ಅಲ್ಲಿಯೇ.

ಮೊದಲು ಕಾಗದಪತ್ರದ ವಿಷಯ. ಭಾರತೀಯರಿಗೆ ವೀಸಾ ಬೇಕೇ ಬೇಕು. 2023ರ ಆಗಸ್ಟ್‌ನಿಂದ 90 ದಿನಗಳವರೆಗಿನ ಇ-ವೀಸಾ ಸಿಗುತ್ತಿದ್ದು, ಒಂದು ಬಾರಿಯ ಪ್ರವೇಶಕ್ಕೆ ಶುಲ್ಕ 25 ಡಾಲರ್. ಸರ್ಕಾರದ ಜಾಲತಾಣವನ್ನೇ ಹೋಲುವ ದಲ್ಲಾಳಿಗಳ ತಾಣಗಳು ಹುಡುಕಾಟದಲ್ಲಿ ಮೊದಲು ಕಾಣಿಸಿಕೊಳ್ಳುವುದರಿಂದ, ಶುಲ್ಕ ಇದಕ್ಕಿಂತ ಹೆಚ್ಚು ತೋರಿಸಿದ ಕೂಡಲೇ ಅಲ್ಲಿಂದ ಹೊರಬನ್ನಿ. ನಮ್ಮಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಇಲ್ಲವೇ ಇನಿಷಿಯಲ್ ಬಿಡಿಸಿ ಬರೆದಿರುತ್ತಾರೆ. ಅರ್ಜಿಯಲ್ಲಿಯೂ ವಿಮಾನದ ಟಿಕೆಟ್ಟಿನಲ್ಲಿಯೂ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಬೇಕು. ಬಂದ ವೀಸಾವನ್ನು ಮುದ್ರಿಸಿ ಇಟ್ಟುಕೊಳ್ಳುವುದು ಕ್ಷೇಮ.

ಹಣದ ಲೆಕ್ಕಕ್ಕೆ ಒಂದು ರೂಪಾಯಿಗೆ ಸುಮಾರು 300 ಡಾಂಗ್ ಎಂದು ಹಿಡಿಯಿರಿ. 20,000 ಡಾಂಗ್‌ನ ನೋಟೂ 5,00,000 ಡಾಂಗ್‌ನ ನೋಟೂ ನೀಲಿ ಬಣ್ಣದವೇ ಆಗಿದ್ದು, ಮಂದ ಬೆಳಕಿನಲ್ಲಿ ಒಂದರ ಬದಲು ಇನ್ನೊಂದನ್ನು ಕೊಡುವುದು ಬಹಳ ಸುಲಭ. ದೊಡ್ಡ ನೋಟುಗಳಿಗೆ ಪರ್ಸಿನಲ್ಲಿ ಬೇರೆಯೇ ಜಾಗ ಮಾಡಿ. ಹಳ್ಳಿಗಳಲ್ಲಿ ನಗದೇ ನಡೆಯುವುದರಿಂದ ಎಟಿಎಂ ಕೆಲಸವನ್ನು ಸಾಪಾದಲ್ಲಿಯೇ ಮುಗಿಸಿಕೊಂಡು ಕೆಳಗಿಳಿಯಬೇಕು.

ಬೆಂಗಳೂರಿನಿಂದ ಹೊರಟವರು ಬ್ಯಾಂಕಾಕ್ ಅಥವಾ ಕ್ವಾಲಾಲಂಪುರದಲ್ಲಿ ವಿಮಾನ ಬದಲಿಸಿ ಹನೋಯ್ ತಲುಪಬಹುದು; ದರ ಹೋಲಿಸುವಾಗ ಕೋಲ್ಕತ್ತದ ದಾರಿಯನ್ನೂ ನೋಡಿ. ನೋಯ್ ಬಾಯ್ ವಿಮಾನ ನಿಲ್ದಾಣದಿಂದ 86ನೇ ಸಂಖ್ಯೆಯ ಬಸ್ಸು ಹಳೆಯ ಪೇಟೆಯ ಮೂಲಕ ರೈಲು ನಿಲ್ದಾಣದವರೆಗೆ ಹೋಗುತ್ತದೆ; ಟ್ಯಾಕ್ಸಿಗೆ ಕೊಡುವ ಹಣದ ಸಣ್ಣ ಪಾಲು ಸಾಕು. ಹನೋಯ್‌ನಿಂದ ಸಾಪಾಗೆ ಎರಡು ದಾರಿಗಳಿವೆ. ಹೆದ್ದಾರಿಯ ಸ್ಲೀಪರ್ ಬಸ್ಸು ಐದಾರು ಗಂಟೆಗಳಲ್ಲಿ ನೇರವಾಗಿ ಪಟ್ಟಣಕ್ಕೇ ಮುಟ್ಟಿಸುತ್ತದೆ. ರಾತ್ರಿಯ ರೈಲು ಲಾವ್ ಕಾಯ್‌ವರೆಗೆ ಮಾತ್ರ ಹೋಗುತ್ತದೆ, ಸುಮಾರು 300 ಕಿಲೋಮೀಟರಿಗೆ ಎಂಟು ಗಂಟೆ ತೆಗೆದುಕೊಳ್ಳುತ್ತದೆ. ಅಲ್ಲಿಂದ ಮಿನಿ ಬಸ್ಸಿನಲ್ಲಿ ಇನ್ನೂ ಒಂದು ಗಂಟೆಯ ಘಟ್ಟದ ದಾರಿ.

ರಾತ್ರಿ ಬಸ್ಸಿನಿಂದ ಒಂದು ದಿನದ ಹೋಟೆಲ್ ಬಾಡಿಗೆ ಉಳಿಯುತ್ತದೆ ಎಂಬ ಲೆಕ್ಕ ಹಲವರದ್ದು. ಆದರೆ ಅದು ಬೆಳಗಿನ ಜಾವ ಮೂರು ನಾಲ್ಕು ಗಂಟೆಗೇ ಊರು ಸೇರಿ, ಚಳಿಯಲ್ಲಿ ಬೆಳಕಿಗಾಗಿ ಕಾಯುವಂತೆ ಮಾಡುವುದರಿಂದ ಹೋಗುವಾಗ ಬೆಳಗಿನ ಬಸ್ಸೇ ಮೇಲೆಂದು ನನ್ನ ಅಭಿಪ್ರಾಯ. ಬಸ್ಸು ಹತ್ತುವಾಗ ಚಪ್ಪಲಿ ಬಿಚ್ಚಿ ಅವರು ಕೊಡುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಳ್ಳಬೇಕು. ಎತ್ತರದವರಿಗೆ ಆ ಬರ್ತಿನಲ್ಲಿ ಕಾಲು ಚಾಚಲಾಗುವುದಿಲ್ಲ. ಇನ್ನೊಂದು ಮಾತು: ವಾರಾಂತ್ಯಕ್ಕೆ ಹನೋಯ್‌ನವರೇ ಸಾಪಾಗೆ ಮುಗಿಬೀಳುತ್ತಾರೆ, ಶುಕ್ರವಾರದಿಂದ ದರಗಳು ಏರುತ್ತವೆ. ಭಾನುವಾರದಿಂದ ಗುರುವಾರದ ನಡುವಿನ ದಿನಗಳನ್ನು ಇಟ್ಟುಕೊಳ್ಳಿ. ಏಪ್ರಿಲ್ 30, ಮೇ 1, ಸೆಪ್ಟೆಂಬರ್ 2ರ ರಾಷ್ಟ್ರೀಯ ರಜೆಗಳನ್ನೂ, ಜನವರಿ ಕೊನೆಗೆ ಇಲ್ಲವೇ ಫೆಬ್ರುವರಿಯಲ್ಲಿ ಬರುವ ಅವರ ಹೊಸವರ್ಷವಾದ ತೆತ್ ಹಬ್ಬವನ್ನೂ ತಪ್ಪಿಸಿ.

ಋತುವಿನ ಆಯ್ಕೆಯನ್ನು ಗದ್ದೆಯ ಲೆಕ್ಕದಲ್ಲಿಯೇ ಮಾಡಬೇಕು. ಚಳಿಯ ಕಾರಣ ಇಲ್ಲಿ ವರ್ಷಕ್ಕೆ ಒಂದೇ ಬೆಳೆ. ಮೇ, ಜೂನ್ ತಿಂಗಳಲ್ಲಿ ಮೆಟ್ಟಿಲುಗದ್ದೆಗಳಿಗೆ ನೀರು ಕಟ್ಟಿ ನಾಟಿ ಮಾಡುತ್ತಾರೆ; ಸೆಪ್ಟೆಂಬರಿನಲ್ಲಿ ತೆನೆ ಹಣ್ಣಾಗಿ ಕೊಯ್ಲಿಗೆ ಬರುತ್ತದೆ. ಈ ಎರಡೂ ಕಾಲ ನೋಡಲು ಚೆನ್ನ. ಜುಲೈ, ಆಗಸ್ಟ್‌ನ ಮಳೆ ಮಲೆನಾಡಿನ ಆಷಾಢ ಕಂಡವರಿಗೆ ಹೊಸದೆನಿಸದಿದ್ದರೂ, ಗುಡ್ಡ ಕುಸಿತವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2024ರ ಸೆಪ್ಟೆಂಬರಿನಲ್ಲಿ ಯಾಗಿ ಚಂಡಮಾರುತ ಬಂದಾಗ ಲಾವ್ ಕಾಯ್ ಪ್ರಾಂತ್ಯದಲ್ಲಿ ಹಳ್ಳಿಗಳೇ ಮಣ್ಣಿನಡಿ ಸೇರಿ ಅನೇಕ ಜೀವಗಳು ಹೋದವು. ಆದ್ದರಿಂದ ಸೆಪ್ಟೆಂಬರಿನಲ್ಲಿ ಹೋಗುವವರು ಕೂಡ ಚಂಡಮಾರುತದ ಮುನ್ಸೂಚನೆಯನ್ನು ನೋಡಿಯೇ ಹನೋಯ್ ಬಿಡಬೇಕು. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಮಂಜು ಕವಿದು, ಕೆಲವೊಮ್ಮೆ ಉಷ್ಣಾಂಶ ಸೊನ್ನೆಯ ಹತ್ತಿರ ಇಳಿಯುತ್ತದೆ. ಬಡ ಹೋಂಸ್ಟೇಗಳಲ್ಲಿ ಹೀಟರ್ ಇರುವುದಿಲ್ಲ.

ವಾಸ್ತವ್ಯಕ್ಕೆ ನಾನು ಸೂಚಿಸುವ ಹಳ್ಳಿ ತಾ ವಾನ್. ಇದು ಸಾಪಾದಿಂದ ಹತ್ತು ಕಿಲೋಮೀಟರಿನೊಳಗೆ ಇದೆ, ಬೈಕ್ ಟ್ಯಾಕ್ಸಿ ಸಿಗುತ್ತದೆ, ಹೊಳೆಯ ಪಕ್ಕದಲ್ಲಿ ಮರದ ಮನೆಗಳ ಹೋಂಸ್ಟೇಗಳು ಸಾಲಾಗಿವೆ. ಡಾರ್ಮಿಟರಿಯ ಹಾಸಿಗೆ ಐನೂರು ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತದೆ. ಮನೆಯವರು ಅತಿಥಿಗಳೊಂದಿಗೇ ಕುಳಿತು ಉಣ್ಣುವ ಜಾಗವನ್ನು ಆರಿಸಿಕೊಳ್ಳಿ. ಹೊರಗಿನ ಬಂಡವಾಳದಿಂದ ಕಟ್ಟಿ, ಹೋಂಸ್ಟೇ ಎಂಬ ಫಲಕ ಮಾತ್ರ ತೂಗಿಸಿದ ಕಟ್ಟಡಗಳೂ ಈಗ ಅಲ್ಲಿ ಕಡಿಮೆಯಿಲ್ಲ. ಕಣಿವೆಗೆ ಇಳಿಯುವ ದಾರಿಯಲ್ಲಿ ಪ್ರವೇಶ ಶುಲ್ಕದ ಕಟ್ಟೆಯಿದೆ. ರಸೀದಿಯನ್ನು ಜೋಪಾನವಾಗಿಡಿ.

ಈ ಪ್ರದೇಶದಲ್ಲಿ ಹ್ಮೋಂಗ್ ಜನರ ಸಂಖ್ಯೆ ಹೆಚ್ಚು. ಅವರ ಜೊತೆಗೆ ಕೆಂಪು ಝಾವ್, ಝಾಯ್, ತಾಯ್ ಸಮುದಾಯಗಳಿವೆ. ಸಾಮಾನ್ಯವಾಗಿ ಹ್ಮೋಂಗರೂ ಝಾವ್ ಜನರೂ ಮೇಲಿನ ಇಳಿಜಾರಿನಲ್ಲಿ, ಝಾಯ್ ಮತ್ತು ತಾಯ್ ಜನರು ಹೊಳೆಬದಿಯ ತಗ್ಗಿನಲ್ಲಿ ನೆಲೆಸಿದ್ದಾರೆ. ಸಾಪಾದಿಂದ ಲಾವ್ ಚಾಯ್ ಮೂಲಕ ತಾ ವಾನ್‌ಗೆ ನಡೆದರೆ ಹ್ಮೋಂಗರ ಹಳ್ಳಿಯಿಂದ ಝಾಯ್ ಜನರ ಹಳ್ಳಿಗೆ ಇಳಿದಂತಾಗುತ್ತದೆ. ಕೆಂಪು ಮುಂಡಾಸಿನ ಝಾವ್ ಹೆಂಗಸರನ್ನು ಕಾಣಬೇಕಾದರೆ ಇನ್ನೊಂದು ದಿಕ್ಕಿನ ತಾ ಫಿನ್‌ಗೆ ಹೋಗಬೇಕು. ಅಲ್ಲಿ ಕಾಡಿನ ಸೊಪ್ಪು ತೊಗಟೆಗಳನ್ನು ಕುದಿಸಿ ಮರದ ತೊಟ್ಟಿಯಲ್ಲಿ ಮಾಡಿಸುವ ಬಿಸಿನೀರಿನ ಸ್ನಾನ ನಡೆದು ದಣಿದ ಕಾಲಿಗೆ ಬಹಳ ಹಿತ.

ನಡಿಗೆಗೆ ಏಜೆನ್ಸಿಗಿಂತ ಹಳ್ಳಿಯ ಹೆಂಗಸರನ್ನೇ ಮಾರ್ಗದರ್ಶಿಯಾಗಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಶಾಲೆಯ ಮುಖವನ್ನು ಹೆಚ್ಚು ಕಾಣದೆ, ಪ್ರವಾಸಿಗರೊಂದಿಗೆ ಮಾತಾಡುತ್ತಲೇ ಇಂಗ್ಲಿಷ್ ಕಲಿತ ಹ್ಮೋಂಗ್ ಮಹಿಳೆಯರು ಅನೇಕರಿದ್ದಾರೆ. ಅವರ ಇಂಗ್ಲಿಷ್ ನಮ್ಮ ಕಿವಿಗೆ ಬೇಗ ಒಗ್ಗುತ್ತದೆ. ಹಿಂದಿನ ಸಂಜೆಯೇ ದಾರಿ, ಎಷ್ಟು ಹೊತ್ತಿನ ನಡಿಗೆ, ಊಟ ಸೇರಿದೆಯೋ ಇಲ್ಲವೋ, ಮೊತ್ತ ಒಬ್ಬರಿಗೋ ಗುಂಪಿಗೋ ಎಂಬುದನ್ನೆಲ್ಲ ಸ್ಪಷ್ಟಮಾಡಿಕೊಳ್ಳಬೇಕು. ಬದುಗಳ ಜೇಡಿಮಣ್ಣು ಮಳೆ ಬಿದ್ದರೆ ವಿಪರೀತ ಜಾರುತ್ತದೆ. ಪಟ್ಟಣದಲ್ಲಿ ಬಾಡಿಗೆಗೆ ಸಿಗುವ ರಬ್ಬರ್ ಬೂಟು ನಮ್ಮ ದುಬಾರಿ ಶೂಗಳಿಗಿಂತ ಕೆಲಸಕ್ಕೆ ಬರುತ್ತದೆ.

ಕರೆಯದಿದ್ದರೂ ಬುಟ್ಟಿ ಬೆನ್ನಿಗೇರಿಸಿದ ಹೆಂಗಸರು ಪಟ್ಟಣದಿಂದಲೇ ಜೊತೆಗೂಡುತ್ತಾರೆ. ಹೆಸರು, ಊರು, ಮಕ್ಕಳೆಷ್ಟು ಎಂದು ವಿಚಾರಿಸುತ್ತಾ, ಜಾರುವಲ್ಲಿ ಕೈಹಿಡಿದು ದಾಟಿಸುತ್ತಾ, ಊಟದ ಜಾಗ ಬಂದಾಗ ಬುಟ್ಟಿ ತೆರೆದು ಏನಾದರೂ ಕೊಳ್ಳಿರೆಂದು ಪಟ್ಟು ಹಿಡಿಯುತ್ತಾರೆ. ಇದನ್ನು ಮೋಸವೆಂದು ಬೈಯುವ ಪ್ರವಾಸಿಗರಿದ್ದಾರೆ; ನಾನು ಹಾಗೆ ತಿಳಿಯುವುದಿಲ್ಲ. ಅರ್ಧ ದಿನ ಅವರ ಕೈಯನ್ನು ಆಧರಿಸಿ ನಡೆದ ಮೇಲೆ ಅದಕ್ಕೊಂದು ಬೆಲೆಯಿದೆ. ಬೇಡವಾದವರು ಮೊದಲ ತಿರುವಿನಲ್ಲಿಯೇ ನಗುತ್ತಾ, ಆದರೆ ಖಚಿತವಾಗಿ ಬೇಡವೆಂದು ಹೇಳಿ ಅವರ ದಿನ ಉಳಿಸಬೇಕು. ಮಕ್ಕಳ ವಿಷಯ ಮಾತ್ರ ಬೇರೆ. ಎಷ್ಟೇ ಮರುಕವಾದರೂ ಮಕ್ಕಳಿಂದ ಕೊಳ್ಳಬೇಡಿ, ದುಡ್ಡು ಕೊಡಬೇಡಿ: ಬೀದಿಯಲ್ಲಿ ಸಂಪಾದನೆ ಆದಷ್ಟೂ ಮಗು ಶಾಲೆಯಿಂದ ದೂರವಾಗುತ್ತದೆ. ಹೀಗೆಂದು ಕೋರುವ ಫಲಕಗಳು ಪಟ್ಟಣದಲ್ಲಿಯೂ ಇವೆ.

ಕೊಳ್ಳುವುದಾದರೆ ಬಟ್ಟೆ ಕೊಳ್ಳಿ. ಹ್ಮೋಂಗರು ಹೆಂಪ್ ಗಿಡದ ನಾರನ್ನು ತಾವೇ ನೂತು ನೇಯ್ದು, ಜೇನುಮೇಣದಿಂದ ಚಿತ್ತಾರ ಬರೆದು, ನೀಲಿಯಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸುತ್ತಾರೆ. ಕೈ ನೀಲಿಗಟ್ಟಿದ ಹೆಂಗಸಿನ ಬಳಿ ಸಿಗುವ ಬಟ್ಟೆ ಒರಟಾಗಿಯೂ ತೂಕವಾಗಿಯೂ ಇರುತ್ತದೆ. ಮಾರುಕಟ್ಟೆಯಲ್ಲಿ ರಾಶಿ ಬಿದ್ದಿರುವ, ಒಂದೇ ಅಚ್ಚಿನ ನುಣುಪು ಚೀಲಗಳು ಯಂತ್ರದವು. ನಿಜವಾದ ನೀಲಿ ಬಣ್ಣ ಬಿಡುತ್ತದೆ, ಆದ್ದರಿಂದ ಬ್ಯಾಗಿನಲ್ಲಿ ಇತರ ಬಟ್ಟೆಗಳ ಜೊತೆ ಸೇರಿಸದೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತನ್ನಿ. ಫೋಟೊ ತೆಗೆಯುವ ಮುನ್ನ ಕೇಳಿ; ಬಾಗಿಲು ತೆರೆದಿದೆ ಎಂದು ಮನೆಯೊಳಗೆ ನಡೆಯಬೇಡಿ.

ಸಸ್ಯಾಹಾರಿಗಳು ಉಪವಾಸ ಬೀಳಬೇಕಿಲ್ಲ. ‘ಆನ್ ಚಾಯ್’ ಎಂದರೆ ಸಸ್ಯಾಹಾರವೆಂದು ಎಲ್ಲರಿಗೂ ತಿಳಿಯುತ್ತದೆ. ಆದರೂ ಮೀನಿನ ಸಾಸ್ ಆದ ‘ನುಓಕ್ ಮಾಮ್’ ಬೇಡವೆಂಬುದನ್ನು ವಿಯೆಟ್ನಾಮಿ ಲಿಪಿಯಲ್ಲಿಯೇ ಫೋನಿನಲ್ಲಿ ಬರೆದಿಟ್ಟುಕೊಂಡು ತೋರಿಸಿ, ಏಕೆಂದರೆ ಅದನ್ನು ಅವರು ಉಪ್ಪಿನಷ್ಟೇ ಸಹಜವಾಗಿ ಬಳಸುತ್ತಾರೆ. ಹೋಂಸ್ಟೇಯ ರಾತ್ರಿಯ ಊಟದಲ್ಲಿ ಅನ್ನ, ಟೊಮೆಟೊದಲ್ಲಿ ಬೇಯಿಸಿದ ತೋಫು, ಬೆಳ್ಳುಳ್ಳಿ ಹಾಕಿ ಹುರಿದ ಸೊಪ್ಪು ಇದ್ದೇ ಇರುತ್ತವೆ. ಸಾಪಾದಲ್ಲಿ ಸೀಮೆಬದನೆಯ ಚಪ್ಪರಗಳು ಬೆಟ್ಟದುದ್ದಕ್ಕೂ ಹಬ್ಬಿವೆ. ನಾವು ಕಾಯಿಯನ್ನಷ್ಟೇ ಸಾಂಬಾರಿಗೆ ಹಾಕಿದರೆ ಅವರು ಅದರ ಎಳೆಯ ಕುಡಿಯನ್ನೇ ಹುರಿದು ಬಡಿಸುತ್ತಾರೆ, ತಪ್ಪದೆ ತಿನ್ನಿ. ಬೀದಿಯಲ್ಲಿ ಕೆಂಡದ ಮೇಲೆ ಸುಟ್ಟ ಜೋಳ, ಗೆಣಸು, ಬಿದಿರಿನೊಳಗೆ ಬೇಯಿಸಿದ ಅಂಟಕ್ಕಿ ಅನ್ನ ಸಿಗುತ್ತವೆ. ಸಂತೆಯ ದೊಡ್ಡ ಕಡಾಯಿಗಳಲ್ಲಿ ಕುದಿಯುವ ‘ಥಾಂಗ್ ಕೊ’ ಕುದುರೆ ಮಾಂಸದ್ದು.

ಸಾಪಾ ಬಳಿಯ ಫಾನ್ಸಿಪಾನ್, ವಿಯೆಟ್ನಾಮಿನ ಅತಿ ಎತ್ತರದ ಶಿಖರ, 3,147 ಮೀಟರ್ ಎತ್ತರದ್ದು; 2016ರಿಂದ ಕೇಬಲ್ ಕಾರಿದೆ. ಟಿಕೆಟ್ಟಿನ ದರ ಹಳ್ಳಿಯ ಹಲವು ರಾತ್ರಿಗಳ ಬಾಡಿಗೆಯನ್ನೂ ಮೀರುತ್ತದೆ, ಮೋಡ ಮುಚ್ಚಿದ್ದರೆ ಮೇಲೆ ಬಿಳುಪಿನ ಹೊರತು ಏನೂ ಕಾಣುವುದಿಲ್ಲ. ಬೆಳಿಗ್ಗೆ ಆಕಾಶ ನೋಡಿಯೇ ಕೊಳ್ಳಿ, ಮುಂಗಡ ಬೇಡ.

ವಾರಾಂತ್ಯದ ಹೆಚ್ಚಿನ ದರಕ್ಕೆ ಸಿದ್ಧರಿದ್ದು, ಹಿಂದಿರುಗುವ ದಿನವನ್ನು ಭಾನುವಾರಕ್ಕೆ ಹೊಂದಿಸಿಕೊಳ್ಳಲು ಸಾಧ್ಯವಾದರೆ ಬಾಕ್ ಹಾ ಸಂತೆಯನ್ನು ಸೇರಿಸಿಕೊಳ್ಳಬಹುದು. ಕುಸುರಿ ಲಂಗ ತೊಡುವ ‘ಹೂ ಹ್ಮೋಂಗ್’ ಪಂಗಡದವರು ಜಾನುವಾರು, ಕೋಳಿ, ಬೀಜ, ನೇಗಿಲಿನ ಗುಳ ಕೊಳ್ಳಲು ಸೇರುವ ಈ ಸಂತೆ ಪ್ರವಾಸಿಗರಿಗೆಂದು ಹುಟ್ಟಿದ್ದಲ್ಲ. ಮಧ್ಯಾಹ್ನಕ್ಕೆ ಕರಗುವುದರಿಂದ ಬೇಗ ತಲುಪಬೇಕು. ಸಾಪಾದಿಂದ ಎರಡೂವರೆ ಮೂರು ಗಂಟೆಯ ದಾರಿ; ಬ್ಯಾಗನ್ನು ಜೊತೆಯಲ್ಲಿಯೇ ಒಯ್ದು, ಸಂತೆ ಮುಗಿದ ಮೇಲೆ ಬಸ್ಸಿನಲ್ಲಿ ಲಾವ್ ಕಾಯ್‌ಗೆ ಇಳಿದರೆ ರಾತ್ರಿಯ ರೈಲು ಹಿಡಿಯಬಹುದು. ರೈಲು ಹನೋಯ್ ಸೇರುವುದು ಬೆಳಗಿನ ಜಾವ. ಹೋಟೆಲಿನವರು ಕೋಣೆ ಕೊಡುವುದು ಮಧ್ಯಾಹ್ನವಾದರೂ ಬ್ಯಾಗನ್ನು ಇಟ್ಟುಕೊಳ್ಳುತ್ತಾರೆ. ಕಾಯ್ದಿರಿಸುವಾಗಲೇ ಒಂದು ಸಾಲು ಬರೆದು ತಿಳಿಸಿಡಿ.