ಎಡಗಡೆ ಮೂರು ಬೆರಳು

16 ಮಾರ್ಚ್ 2025, ಭಾನುವಾರ, ರಾತ್ರಿ

ಬೆಳಿಗ್ಗೆ ಬಾಗಿಲು ತೆಗೆದು ನೋಡಿದರೆ ಕಣದ ಪಕ್ಕ ನಿಲ್ಲಿಸಿದ್ದ ನನ್ನ ಗಾಡಿ, ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡ ದೊಡ್ಡ ಕಾರು, ಹಿಂದೆ ಎಡಗಡೆಗೆ ಕೂತುಬಿಟ್ಟಿತ್ತು. ಮಲಗಿದ ದನ ಒಂದು ಮಗ್ಗುಲಿಗೆ ವಾಲಿರುತ್ತಲ್ಲ, ಹಾಗೆ. ಪಂಕ್ಚರ್ ಇರಬೇಕು ಅಂದುಕೊಂಡು ಹತ್ತಿರ ಹೋದೆ. ಟೈರಿನಲ್ಲಿ ಗಾಳಿ ಸರಿಯಾಗೇ ಇದೆ. ಟೈರಿಗೂ ಮೇಲಿನ ತಗಡಿಗೂ ನಡುವೆ ಕೈ ಇಟ್ಟು ನೋಡಿದೆ. ಬಲಗಡೆ ನಾಲ್ಕು ಬೆರಳು ಆರಾಮಾಗಿ ಹೋಯಿತು. ಎಡಗಡೆ ಒಂದೂ ಹೋಗಲಿಲ್ಲ.

ಎದೆ ಧಸಕ್ ಅಂತು.

ಈ ಗಾಡಿಗೆ ಸ್ಪ್ರಿಂಗ್ ಇಲ್ಲ. ನಾಲ್ಕು ಚಕ್ರದ ಮೇಲೂ ಒಂದೊಂದು ರಬ್ಬರ್ ಚೀಲ, ಅದರೊಳಗೆ ಗಾಳಿ. ಎರಡೂವರೆ ಟನ್ ಭಾರ ಆ ಗಾಳಿ ಮೇಲೇ ನಿಂತಿರುತ್ತೆ. ತುಂಬಿಸೋಕೆ ಒಂದು ಸಣ್ಣ ಕಂಪ್ರೆಸರ್ ಇದೆ. 2013ರ ಗಾಡಿ. ಹನ್ನೆರಡು ವರ್ಷದ ರಬ್ಬರ್. ನಮ್ಮ ಕಾಫಿ ತೋಟದ ದಾರಿಯಂತೂ ಹಾಳು. ಇವತ್ತಲ್ಲ ನಾಳೆ ಆಗುತ್ತೆ ಅಂತ ಗೊತ್ತಿತ್ತು. ಆದರೂ ಆ ದಿನ ಬಂದಾಗ ಕೈಕಾಲು ಆಡಲ್ಲ.

ಅಷ್ಟರಲ್ಲಿ ಅಮ್ಮ ಹೊರಗೆ ಬಂದರು. ಇವತ್ತು ಬಾಳೆಹೊನ್ನೂರಿಗೆ ಅಕ್ಕನ ಮನೆಗೆ ಹೋಗೋದು ಅಂತ ಒಂದು ವಾರದಿಂದ ಕಾಯುತ್ತಿದ್ದರು. ಆರೂವರೆಗೇ ಸೀರೆ ಉಟ್ಟು, ಮೊಮ್ಮಕ್ಕಳಿಗೆ ಅಂತ ಕೋಡುಬಳೆ ಡಬ್ಬಿ ಹಿಡಿದು ರೆಡಿ. ಗಾಡಿ ನೋಡಿ ಅವರ ಮುಖ ಅರಳಿತು.

"ನೋಡು, ನಾನು ಬರ್ತೀನಿ ಅಂತ ಆಗಲೇ ಕೂತಿದೆ."

ಅಮ್ಮನಿಗೆ ಎರಡೂ ಮಂಡಿ ಸವೆದಿವೆ. ಡಾಕ್ಟರ್ ಆಪರೇಷನ್ ಅಂದಿದ್ದಾರೆ, ಅವರು ಒಪ್ಪಿಲ್ಲ. ಜೀಪು ಹತ್ತೋಕೆ ಆಗಲ್ಲ. ಸಣ್ಣ ಕಾರಿನಲ್ಲಿ ಕೂತರೆ ಏಳೋಕೆ ಇಬ್ಬರು ಬೇಕು. ಈ ಗಾಡಿಯಲ್ಲಿ ಒಂದು ಗುಂಡಿ ಇದೆ, ಒತ್ತಿದರೆ ಎರಡು ಇಂಚಿನಷ್ಟು ಕೆಳಗೆ ಇಳಿಯುತ್ತೆ. ಸೀಟು ಸರಿಯಾಗಿ ಸೊಂಟದ ಎತ್ತರಕ್ಕೆ ಬರುತ್ತೆ. ಅಮ್ಮ ತಿರುಗಿ ಕೂತು ಕಾಲು ಒಳಗೆ ಎಳೆದುಕೊಂಡರೆ ಆಯಿತು, ಯಾರ ಕೈಯೂ ಬೇಡ. ಎರಡು ವರ್ಷದಿಂದ ನಾನು ಪ್ರತಿ ಸಲ ಆ ಗುಂಡಿ ಒತ್ತುತ್ತೇನೆ. ಇವತ್ತು ನಾನು ಒತ್ತದೆ ತಾನೇ ಕೂತಿದೆ ಅಂತ ಅವರಿಗೆ ಖುಷಿ.

ಕೆಟ್ಟಿದೆ ಅಂತ ಹೇಳೋಕೆ ಬಾಯಿ ಬರಲಿಲ್ಲ. ಬಾಗಿಲು ತೆಗೆದೆ. ಕೂತರು.

ಸ್ಟಾರ್ಟ್ ಮಾಡಿದ ಮೇಲೆ ಕಂಪ್ರೆಸರ್ ಗುರ್ ಅನ್ನುತ್ತಾ ಗಾಡಿಯನ್ನ ನಿಧಾನಕ್ಕೆ ಎತ್ತಿತು. ಅಕ್ಕನ ಮನೆ ಮುಟ್ಟುವವರೆಗೂ ರಸ್ತೆ ನೋಡಿದ್ದಕ್ಕಿಂತ ಆ ಸದ್ದು ಕೇಳಿದ್ದೇ ಜಾಸ್ತಿ. ಅಮ್ಮ ದಾರಿಯುದ್ದಕ್ಕೂ ಯಾರ ತೋಟದಲ್ಲಿ ಹೂ ಆಗಿದೆ, ಯಾರು ಸ್ಪ್ರಿಂಕ್ಲರ್ ಹೊಡೆಸಿದ್ದಾರೆ ಅಂತ ಹೇಳುತ್ತಲೇ ಇದ್ದರು. ನಾನು ಹೂಂ ಹೂಂ ಅಂದೆ. ಅವರನ್ನ ಅಲ್ಲೇ ಬಿಟ್ಟು ಬಂದೆ. ಬುಧವಾರ ಕರೆದುಕೊಂಡು ಬರಬೇಕು.

ಬರುವಾಗ ಆಲ್ದೂರಲ್ಲಿ ನಿಲ್ಲಿಸಿ ನನ್ನ ಗಾಡಿ ನೋಡಿಕೊಳ್ಳೋ ಮೆಕ್ಯಾನಿಕ್, ಹಾಸನದ ಭಾಯಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು. "ಸರ್, ಚೀಲ ಹೋದ್ರೆ ಚೀಲ ಹಾಕಬಹುದು. ನೀವು ಹೀಗೇ ಓಡಿಸ್ತಾ ಇದ್ರೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಟ್ಟು ಹೋಗುತ್ತೆ. ಆಮೇಲೆ ಎರಡಕ್ಕೂ ಕೊಡಬೇಕು. ಗಾಡಿ ನಿಲ್ಸಿ." ಒರಿಜಿನಲ್ ಚೀಲ ಬೆಂಗಳೂರಿಂದ ತರಿಸಬೇಕಂತೆ. ಒಂದಕ್ಕೆ ಅರ್ಧ ಲಕ್ಷ ದಾಟಬಹುದು ಅಂದರು. ಒಂದು ಕಡೆದು ಹೋದರೆ ಇನ್ನೊಂದು ಕಡೆದೂ ಅದೇ ವಯಸ್ಸಿನದು, ಜೋಡಿ ಹಾಕಿಸಿ ಅಂತಲೂ ಅಂದರು. ನಂಬಿಕೆ ಇರೋ ಮನುಷ್ಯ. ಇಲ್ಲಿಯವರೆಗೆ ನನಗೆ ಬೇಡದ ಕೆಲಸ ಹೇಳಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದೆ. ಕೊಪ್ಪದ ಚಿಕ್ಕಮ್ಮನ ಮಗ ಬೈಕಿನಲ್ಲಿ ಬಂದ. ಕೂರುವುದಕ್ಕೆ ಮುಂಚೆಯೇ ಫೋನ್ ತೆಗೆದ.

"ಅಣ್ಣ, ಇದನ್ನ ನೋಡು. ನಾಳೆ ಅಡ್ವಾನ್ಸ್ ಹಾಕಬೇಕು ಅಂತಿದೀನಿ."

ಬಿಎಂಡಬ್ಲ್ಯು ಎಕ್ಸ್5. 2015ರದ್ದು, ಡೀಸೆಲ್, ಡೆಲ್ಲಿ ನಂಬರ್. ಮೀಟರಿನಲ್ಲಿ 68,000. ಕೇಳುತ್ತಿರೋದು 14 ಲಕ್ಷ. ಹೊಸದಾಗಿದ್ದಾಗ 70 ಲಕ್ಷದ ಗಾಡಿ ಅಂತ ಎರಡು ಸಲ ಹೇಳಿದ. ಫೋಟೋದಲ್ಲಿ ಬಿಳಿ ಬಣ್ಣ ಮಿರಮಿರ ಮಿಂಚುತ್ತಿದೆ. ಅವನ ಕಣ್ಣೂ ಹಾಗೇ ಇತ್ತು. ಈ ವರ್ಷ ಕಾಫಿಗೆ ಬಂದ ರೇಟು ಅವನ ವಯಸ್ಸಿನವರು ಕಂಡಿರಲೇ ಇಲ್ಲ. ಹತ್ತು ವರ್ಷ ಸಾಲ ತೀರಿಸಿದ ಹುಡುಗ. ಈಗ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದೆ. ಆಸೆ ಪಡೋದು ತಪ್ಪು ಅಂತ ನಾನು ಹೇಗೆ ಹೇಳಲಿ?

ಆದರೆ ಬೆಳಿಗ್ಗೆಯಿಂದ ನನ್ನ ತಲೆಯಲ್ಲಿ ಬೇರೆ ಓಡುತ್ತಿತ್ತು. ಸುಮ್ಮನಿರೋಕೆ ಆಗಲಿಲ್ಲ.

ಡೆಲ್ಲಿ ಗಾಡಿ ಯಾಕೆ ಚೀಪ್ ಅಂತ ಮೊದಲು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ರಸ್ತೆಗೆ ಇಳಿಯೋ ಹಾಗಿಲ್ಲ ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅವನ ಫೋಟೋದ ಗಾಡಿಗೆ ಈ ವರ್ಷವೇ ಹತ್ತು ತುಂಬುತ್ತೆ. ಅಲ್ಲಿ ಇಟ್ಟುಕೊಂಡರೆ ಗುಜರಿ ಅನ್ನೋ ಭಯ, ಅದಕ್ಕೇ ಅವಸರ. ಅಷ್ಟಕ್ಕೇ ಗಾಡಿ ಕೆಟ್ಟದ್ದು ಅಂತ ಅಲ್ಲ. ಆದರೆ 14 ಲಕ್ಷಕ್ಕೆ ಅದು ಅವನ ಮನೆ ಅಂಗಳಕ್ಕೆ ಬರಲ್ಲ. ಅಲ್ಲಿನ ಆರ್‌ಟಿಓದಿಂದ ಎನ್‌ಓಸಿ, ಅಂದರೆ ತಕರಾರಿಲ್ಲ ಅನ್ನೋ ಪತ್ರ ಬೇಕು. ಹೆಸರು ಬದಲಿಸೋ 29, 30ನೇ ಫಾರ್ಮಿಗೆ ಹಳೇ ಓನರ್ ಸಹಿ ಬೇಕು. ಸಾಲ ಇದ್ದಿದ್ದರೆ ಅದು ತೀರಿದೆ ಅಂತ ಬ್ಯಾಂಕಿನಿಂದ 35ನೇ ಫಾರ್ಮು. ಇಲ್ಲಿ ಚಿಕ್ಕಮಗಳೂರಿನ ಕೆಎ 18 ನಂಬರ್ ಹಾಕಿಸುವಾಗ ಲೈಫ್ ಟ್ಯಾಕ್ಸ್. ನಮ್ಮಲ್ಲಿ 20 ಲಕ್ಷಕ್ಕಿಂತ ಮೇಲಿನ ಕಾರಿಗೆ 18%. ಹಳೇ ಗಾಡಿಗೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ. ಆದರೆ ಲೆಕ್ಕ ಶುರುವಾಗೋದು ಅವನು ಕೊಟ್ಟ 14 ಲಕ್ಷದಿಂದ ಅಲ್ಲ, ಅದು ಹೊಸದಾಗಿದ್ದಾಗಿನ ಬೆಲೆಯಿಂದ.

"ಹೌದಾ?" ಅಂದ. ಫೋನ್ ಕೆಳಗಿಟ್ಟ.

"ಆರ್‌ಸಿ ಹದಿನೈದು ವರ್ಷಕ್ಕೆ ಮಾರಾಯ. 2030ಕ್ಕೆ ಮತ್ತೆ ಎಫ್‌ಸಿ ಮಾಡಿಸಿ ಐದು ವರ್ಷ ಹಾಕಿಸಬೇಕು. ಇರೋದು ಐದೇ ವರ್ಷ ಅಂತ ಲೆಕ್ಕ ಇಟ್ಟುಕೋ."

ಆಮೇಲೆ ನಾನು ಮೊದಲು ನೋಡಿದ ಗಾಡಿ ಕಥೆ ಹೇಳಿದೆ. ಇದನ್ನ ಇಲ್ಲಿ ಬರೆದಿರಲಿಲ್ಲ ಅನಿಸುತ್ತೆ. 2023ರಲ್ಲಿ ಈ ಗಾಡಿಗಿಂತ ಮುಂಚೆ ಬೆಂಗಳೂರಲ್ಲಿ ಇನ್ನೊಂದು ನೋಡಿದ್ದೆ. ಬಣ್ಣ, ಸೀಟು, ಇಂಜಿನ್ ಸದ್ದು, ಯಾವುದರಲ್ಲೂ ಒಂದು ಕುಂದು ಕಾಣಲಿಲ್ಲ. ದುಡ್ಡು ಕೊಡೋದೊಂದು ಬಾಕಿ. ಜೊತೆಗೆ ಬಂದಿದ್ದ ಭಾಯ್ ಡ್ರೈವರ್ ಸೀಟಿನ ಬೆಲ್ಟ್ ಹಿಡಿದು ಎಳೆದರು. ಎಳೆಯುತ್ತಲೇ ಹೋದರು. ಕೊನೆಯ ಒಂದು ಮೊಳ ಹೊರಗೆ ಬಂದಾಗ ಕರಿ ಪಟ್ಟಿ ಮೇಲೆ ಕಂದು ಗೆರೆ ಇತ್ತು. ಉಗುರಿನಲ್ಲಿ ಕೆರೆದರು. ಒಣಗಿದ ಮಣ್ಣು, ಪುಡಿಯಾಗಿ ಅಂಗೈ ಮೇಲೆ ಬಿತ್ತು. ಸೀಟು ಹಿಂದೆ ಸರಿಸಿ ಟಾರ್ಚ್ ಬಿಟ್ಟರೆ ಕೆಳಗಿನ ಹಳಿಗೆಲ್ಲ ತುಕ್ಕು. 2022ರ ಸೆಪ್ಟೆಂಬರಲ್ಲಿ ಔಟರ್ ರಿಂಗ್ ರೋಡ್ ಕಡೆ ದೊಡ್ಡ ದೊಡ್ಡ ಗಾಡಿಗಳೆಲ್ಲ ನೀರಲ್ಲಿ ತೇಲಿದ್ದನ್ನ ಟೀವಿಯಲ್ಲಿ ನೋಡಿದ್ದೆವಲ್ಲ, ಅಂಥದ್ದೇ ಇರಬೇಕು. ಸೀಟ್ ಕವರ್ ತೊಳೀತಾರೆ, ಕಾರ್ಪೆಟ್ ಬದಲಿಸ್ತಾರೆ. ಬೆಲ್ಟ್ ಸುರುಳಿ ಬಿಚ್ಚಿ ಯಾರೂ ತೊಳೆಯಲ್ಲ. ಭಾಯ್ ಮಾರುವವನಿಗೆ ಏನೂ ಅನ್ನಲಿಲ್ಲ. ಬೆಲ್ಟನ್ನ ನಿಧಾನಕ್ಕೆ ಒಳಗೆ ಬಿಟ್ಟು, "ನಡೀರಿ ಸರ್" ಅಂದರು.

ಚಿಕ್ಕಮ್ಮನ ಮಗ ತನ್ನ ಫೋನಿನ ಫೋಟೋದಲ್ಲಿ ಬೆಲ್ಟ್ ಹುಡುಕತೊಡಗಿದ. ಫೋಟೋದಲ್ಲಿ ಅದೆಲ್ಲ ಎಲ್ಲಿ ಕಾಣುತ್ತೆ? ಟೈರಿನ ಫೋಟೋ ದೊಡ್ಡದು ಮಾಡು ಅಂದೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2315 ಅಂತ ಇತ್ತು. 2015ರ 23ನೇ ವಾರ. ಅಂದರೆ ಗಾಡಿ ಜೊತೆ ಬಂದ ಟೈರೇ. ಒಂದು ರೀತಿ ಒಳ್ಳೇದು, 68,000 ನಿಜ ಇದ್ದರೂ ಇರಬಹುದು. ಆದರೆ ಹತ್ತು ವರ್ಷದ ರಬ್ಬರ್ ಮೇಲೆ ಡೆಲ್ಲಿಯಿಂದ ಇಲ್ಲಿವರೆಗೆ ಓಡಿಸಿಕೊಂಡು ಬರೋ ಹಾಗಿಲ್ಲ, ನಾಲ್ಕೂ ಹೊಸದು ಹಾಕಿಸಲೇಬೇಕು. ಗೇರ್‌ಬಾಕ್ಸ್ ಆಯಿಲ್ ಯಾವಾಗ ಬದಲಿಸಿದ್ದಾರೆ ಕೇಳು ಅಂದೆ. ಅದು ಲೈಫ್‌ಟೈಮ್ ಅಂತೆ, ಬದಲಿಸೋದೇ ಬೇಡವಂತೆ ಅಂದ. ನನಗೂ ಹಾಗೇ ಹೇಳಿದ್ದರು. ಆ ಗೇರ್‌ಬಾಕ್ಸ್ ಮಾಡೋ ಝಡ್‌ಎಫ್‌ನವರೇ 80,000ದಿಂದ 1,20,000 ಕಿಲೋಮೀಟರ್ ಒಳಗೆ ಬದಲಿಸಿ ಅಂತಾರೆ. ಯಾರ ಮಾತು ಕೇಳಬೇಕು ಹೇಳಿ?

"ಹಾಗಾದ್ರೆ ಲ್ಯಾಂಡ್ ರೋವರ್ ನೋಡಲಾ? ಈಗ ಟಾಟಾದವರದ್ದೇ ಅಲ್ವಾ, ಸ್ಪೇರ್ ಕಡಿಮೆಗೆ ಸಿಗುತ್ತೇನೋ."

ಟಾಟಾ ಮೋಟಾರ್ಸ್ ಅದನ್ನ 2008ರಲ್ಲಿ ಫೋರ್ಡ್ ಕೈಯಿಂದ ತಗೊಂಡಿದ್ದು ನಿಜ. ಆದರೆ ಸುಮೋ ಸ್ಪೇರಿನ ರೇಟಿಗೆ ಅದರ ಸ್ಪೇರ್ ಸಿಗಲ್ಲ. ಇದೊಂದು ವಿಷಯ ಅವನ ತಲೆಗೆ ಹೋಗಲಿ ಅಂತ ತುಂಬಾ ಒದ್ದಾಡಿದೆ. 70 ಲಕ್ಷದ ಗಾಡಿ 14ಕ್ಕೆ ಇಳಿದಿದೆ. ಅದರ ಬ್ರೇಕ್ ಡಿಸ್ಕ್ ಇಳಿದಿಲ್ಲ. ಹೆಡ್‌ಲೈಟ್ ಇಳಿದಿಲ್ಲ. ಇಂಜೆಕ್ಟರ್ ಇಳಿದಿಲ್ಲ. ಅವೆಲ್ಲ ಇನ್ನೂ 70 ಲಕ್ಷದ ಗಾಡಿ ಸಾಮಾನೇ. ಕೆಟ್ಟರೆ ಮಂಗಳೂರಿಗೋ ಬೆಂಗಳೂರಿಗೋ ಹೋಗಬೇಕು. ಓಡಿಸಿಕೊಂಡು ಹೋಗೋ ಹಾಗಿಲ್ಲದಿದ್ದರೆ ಲಾರಿ ಮೇಲೆ ಹಾಕಿಸಿಕೊಂಡು ಹೋಗಬೇಕು. ಅದೇ ದುಡ್ಡಿಗೆ ಒಂದು ಒಳ್ಳೆ ಫಾರ್ಚೂನರ್ ಬರುತ್ತೆ, ನಮ್ಮೂರ ಹುಡುಗರೇ ಬಿಚ್ಚಿ ಕಟ್ಟುತ್ತಾರೆ.

ಒಳಗೆ ಹೋಗಿ ನನ್ನ ಪುಸ್ತಕ ತಂದೆ. ಮೇಸ್ತ್ರಿ ಲೆಕ್ಕ ಬರೆಯೋ ಉದ್ದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಗಾಡಿ ಖರ್ಚು ಬರೆದಿಟ್ಟಿದ್ದೇನೆ. ಬ್ಯಾಟರಿ, ಟೈರು, ಮುಂದಿನ ಡಿಸ್ಕ್ ಪ್ಯಾಡು, ಗೇರ್‌ಬಾಕ್ಸ್ ಸರ್ವೀಸ್, ಇನ್ಶೂರೆನ್ಸು, ಒಂದು ವಾಟರ್ ಪಂಪು. ಇವತ್ತಿನವರೆಗೂ ಕೂಡಿರಲಿಲ್ಲ. ಅವನ ಮುಂದೆ ಕೂಡಿದೆ. 11 ಲಕ್ಷದ ಗಾಡಿಗೆ ಎರಡು ವರ್ಷದಲ್ಲಿ 4,12,000. ಹೆಂಡತಿ ಒಳಗಿಂದ ಕಾಫಿ ತಂದವಳು ಹಾಳೆ ಕಡೆ ನೋಡಿದಳು. ಏನೂ ಹೇಳದೆ ಲೋಟ ಇಟ್ಟು ಹೋದಳು.

ಅವನನ್ನ ಗಾಡಿ ಹತ್ತಿರ ಕರೆದುಕೊಂಡು ಹೋದೆ. ಆಗಲೇ ಅರ್ಧ ಇಳಿದಿತ್ತು. ಸ್ಟಾರ್ಟ್ ಮಾಡಿ ಎತ್ತಿಸಿದೆ. ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ಕಲಸಿ, ಚಕ್ರದ ಹಿಂದೆ ಕೈ ಮಾತ್ರ ಹಾಕಿ ಚೀಲದ ಮೇಲೆ ಹೊಡೆದೆ. ಗಾಡಿ ಅಡಿಗೆ ತಲೆ ಹಾಕೋಕೆ ಅವನನ್ನ ಬಿಡಲಿಲ್ಲ, ಗಾಳಿ ಹೋದರೆ ಮೇಲೇ ಕೂರುತ್ತೆ. ಟಾರ್ಚ್ ಬಿಟ್ಟು ನೋಡು ಅಂದೆ. ರಬ್ಬರ್ ಮಡಿಚಿಕೊಳ್ಳೋ ಜಾಗದಲ್ಲಿ ಕೂದಲಿನಷ್ಟು ಸಣ್ಣ ಬಿರುಕು. ಅಲ್ಲಿಂದ ಸಾಸಿವೆ ಕಾಳಿನಷ್ಟು ಗುಳ್ಳೆ ಒಂದು ಬಂತು, ಒಡೆಯಿತು. ಅದರ ಹಿಂದೆ ಇನ್ನೊಂದು. ಇಬ್ಬರೂ ಕುಕ್ಕರಗಾಲಲ್ಲಿ ಕೂತು ನೋಡುತ್ತಲೇ ಇದ್ದೆವು.

ಆಗ ಕೇಳಿದ.

"ಇಷ್ಟೆಲ್ಲ ಹೇಳ್ತಿದೀಯ. ತಗೊಂಡಿದ್ದಕ್ಕೆ ನಿನಗೆ ಬೇಜಾರಿದ್ಯಾ ಅಣ್ಣ?"

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಅವನು ಡೆಲ್ಲಿ ಗಾಡಿ ಬಿಟ್ಟು ಮನೆಗೆ ಹೋಗುತ್ತಿದ್ದ. ಬಾಯಿ ಬರಲಿಲ್ಲ. ಹೋದ ಜುಲೈಯಲ್ಲಿ ಅಮ್ಮನಿಗೆ ರಾತ್ರಿ ಎದೆ ನೋವು ಬಂದಾಗ ಕರೆಂಟ್ ಇಲ್ಲ, ಮಳೆ ಅಂದರೆ ಮಳೆ, ದಾರಿಗೆ ಸಿಲ್ವರ್ ಮರದ ಕೊಂಬೆ ಬಿದ್ದಿತ್ತು. ಗಾಡಿ ಎತ್ತರ ಮಾಡಿಕೊಂಡು ಅದರ ಮೇಲೇ ದಾಟಿಸಿದೆ. ಅಮ್ಮ ಹಿಂದೆ ಮಲಗಿದ್ದರು. ಚಿಕ್ಕಮಗಳೂರು ಆಸ್ಪತ್ರೆ ಬಾಗಿಲಲ್ಲಿ ಅದೇ ಗುಂಡಿ ಒತ್ತಿ ಇಳಿಸಿದೆ. ಗ್ಯಾಸ್ಟ್ರಿಕ್ ಅಂದರು ಡಾಕ್ಟರು, ದೇವರು ದೊಡ್ಡವನು. ಆ ರಾತ್ರಿಯನ್ನ ಯಾವ ಕಾಲಮಿನಲ್ಲಿ ಬರೆಯಲಿ?

"ಇಲ್ಲ ಕಣೋ" ಅಂದೆ. "ಆದ್ರೆ ನಿನಗೆ..." ಅಂತ ಮುಂದೆ ಏನೋ ಹೇಳಹೊರಟೆ. ಅವನು ಆಗಲೇ ನಗುತ್ತಿದ್ದ.

ಭಾಯ್ ನೋಡದೆ ಅಡ್ವಾನ್ಸ್ ಹಾಕಲ್ಲ ಅಂತ ನನ್ನ ಕೈ ಮುಟ್ಟಿ ಹೇಳಿದ್ದಾನೆ. ಭಾಯ್ ಡೆಲ್ಲಿಗೆ ಹೋಗ್ತಾರಾ? ಅದು ಬೇರೆ ಪ್ರಶ್ನೆ. ಸಂಜೆ ಹೋಗುವಾಗ ಬೈಕ್ ನಿಲ್ಲಿಸಿ ಮತ್ತೊಂದು ಸಲ ನಮ್ಮ ಗಾಡಿ ಕಡೆ ತಿರುಗಿ ನೋಡಿದ. ಆ ನೋಟ ನನಗೆ ಗೊತ್ತು.

ಸಂಜೆ ಆರಕ್ಕೆ ಅಳೆದಾಗ ಎಡಗಡೆ ಮೂರು ಬೆರಳು. ಎಂಟೂವರೆಗೆ ಎರಡು. ಈಗ ಹತ್ತೂಕಾಲು, ಟಾರ್ಚ್ ಹಿಡಿದು ಮತ್ತೆ ಹೋಗಿದ್ದೆ. ಒಂದು, ಅದೂ ಕಿರುಬೆರಳು. ಮೋಡ ಆಗಿದೆ, ನಾಯಿ ಸುಮ್ನೆ ಬೊಗಳುತ್ತಿದೆ. ಅಕ್ಕ ಫೋನ್ ಮಾಡಿದ್ದಳು. ಗಾಡಿ ನನ್ನ ನೋಡಿ ತಾನಾಗೇ ಕೂತಿತು ಅಂತ ಅಮ್ಮ ಅಕ್ಕಪಕ್ಕದ ಮನೆಯವರಿಗೆಲ್ಲ ಹೇಳಿದ್ದಾರಂತೆ.

ಬುಧವಾರಕ್ಕೆ ಮೂರೇ ದಿನ. ಚೀಲ ನಾಳೆ ಹೇಳಿದರೂ ಬರೋದು ಶುಕ್ರವಾರವೋ ಶನಿವಾರವೋ. ಭಾವನ ಕಾರು ಕೇಳಬಹುದು, ಆದರೆ ಅದರ ಸೀಟು ನೆಲಕ್ಕೆ ಅಂಟಿದ ಹಾಗಿದೆ, ಅಮ್ಮ ಅದರಲ್ಲಿ ಕೂತರೆ ಏಳೋಕೆ ಆಗಲ್ಲ.