ತದಡಿಗೆ ದೋಣಿ ನೋಡಲು ಹೋದ ದಿನ

ಮೇ ತಿಂಗಳ ಎರಡನೇ ವಾರ. ಬೆಳಗಿನ ಜಾವ ನಾಲ್ಕೂವರೆಗೆ ಉಡುಪಿ ಹತ್ತಿರದ ಕೋಡಿ ಬೆಂಗ್ರೆಯಿಂದ ಓಮ್ನಿಯಲ್ಲಿ ಹೊರಟೆವು. ಭಾವ, ನಾನು, ಹಿಂದಿನ ಸೀಟಿನಲ್ಲಿ ಸ್ಪ್ಯಾನರ್ ಚೀಲ, ಅಕ್ಕ ಕಟ್ಟಿಕೊಟ್ಟ ಅವಲಕ್ಕಿ. ಗೋಕರ್ಣದ ಹತ್ತಿರದ ತದಡಿಯಲ್ಲಿ ಒಂದು ಹಳೇ ಫೈಬರ್ ದೋಣಿ ಮಾರಾಟಕ್ಕಿದೆ, ಎಂಜಿನ್ ಸೇರಿ 1 ಲಕ್ಷ 40 ಸಾವಿರ ಹೇಳ್ತಿದ್ದಾರೆ, ಎಂಜಿನ್‌ಗೆ ಸ್ವಲ್ಪ ಕೆಲಸ ಇದೆಯಂತೆ ಅಂತ ಯಾರೋ ಭಾವನಿಗೆ ಹೇಳಿದ್ದರು.

ಭಾವ ಹದಿನೆಂಟು ವರ್ಷ ಬೇರೆಯವರ ದೋಣಿಯಲ್ಲಿ ಪಾಲಿಗೆ ದುಡಿದವರು. ಈ ಮಳೆಗಾಲ ಶುರುವಾಗುವ ಮೊದಲು ಸ್ವಂತದ್ದೊಂದು ಬೇಕು ಅನ್ನೋದು ಅವರ ಆಸೆ. ಅದಕ್ಕೆ ಕಾರಣವೂ ಇದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದೊಡ್ಡ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. 10 ಅಶ್ವಶಕ್ತಿಯ ಒಳಗಿನ ಎಂಜಿನ್ ಇರುವ ನಾಡದೋಣಿಗೆ ಮಾತ್ರ ಅವಕಾಶ. ಆಗ ಸಿಕ್ಕ ಮೀನಿಗೆ ಒಳ್ಳೆ ರೇಟು. ತದಡಿಯ ಎಂಜಿನ್ 9.9 ಅಶ್ವಶಕ್ತಿಯದ್ದು. ಭಾವನ ಲೆಕ್ಕ ಅಲ್ಲೇ ನಿಂತಿತ್ತು.

ಮರವಂತೆ ತಲುಪುವಾಗ ಬೆಳಕು ಹರಿದಿತ್ತು. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ನಾವು. ಎಷ್ಟು ಸಲ ಹೋದರೂ ಅಲ್ಲಿ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಭಾವ ನಿಲ್ಲಿಸಲು ಬಿಡಲಿಲ್ಲ. "ಬರುವಾಗ ನೋಡುವ ಮಾರಾಯ, ಇಳಿತ ಇರುವಾಗಲೇ ತಲುಪ್ಬೇಕು" ಎಂದರು. ದೋಣಿಯ ಅಡಿ ಕಾಣಬೇಕಾದರೆ ನೀರು ಇಳಿದಿರಬೇಕು ಅಲ್ವಾ. ಬೈಂದೂರು, ಭಟ್ಕಳ ಹಾಗೇ ಹಿಂದೆ ಹೋದವು. ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿದ ಮೇಲೆ ಒಂದು ಚಹಾ. ಕುಮಟಾ, ಅಘನಾಶಿನಿ ಸೇತುವೆ ದಾಟಿ, ಮಿರ್ಜಾನ್ ಆದಮೇಲೆ ಗೋಕರ್ಣದ ಕಡೆ ಎಡಕ್ಕೆ ತಿರುಗಿದೆವು.

ಸಾಣಿಕಟ್ಟೆಯಲ್ಲಿ ಉಪ್ಪಿನ ಗದ್ದೆಗಳು. ರಸ್ತೆ ಪಕ್ಕದಲ್ಲೇ ಉಪ್ಪಿನ ರಾಶಿ, ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಬಿಳಿ. ತದಡಿಯ ದಡಕ್ಕೆ ಬಂದಾಗ ನೀರು ಚೆನ್ನಾಗಿ ಇಳಿದಿತ್ತು. ಕೆಸರಿನಲ್ಲಿ ಹೆಂಗಸರು ಬಗ್ಗಿ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುತ್ತಿದ್ದರು. ಎಲ್ಲೂ ಅಣೆಕಟ್ಟು ಇಲ್ಲದೆ ಘಟ್ಟದಿಂದ ಕಡಲಿಗೆ ಬರುವ ನದಿ ಈ ಅಘನಾಶಿನಿ. ಆಚೆ ದಡದಲ್ಲಿ ಅದೇ ಹೆಸರಿನ ಊರು ತೆಂಗಿನ ಮರಗಳ ಕೆಳಗೆ ಕಾಣುತ್ತಿತ್ತು. ಸುಮ್ನೆ ನೋಡುತ್ತಾ ಕೂರುವ ಜಾಗ. ಆದರೆ ಭಾವ ಆಗಲೇ ದೋಣಿಯ ಕೆಳಗೆ ತೂರಿದ್ದರು.

ಅವರು ದೋಣಿ ನೋಡುವುದನ್ನು ನಾನು ಮೊದಲ ಸಲ ಕಂಡದ್ದು. ಐದು ರೂಪಾಯಿ ನಾಣ್ಯ ತೆಗೆದು, ಮುಂದಿನಿಂದ ಹಿಂದಿನವರೆಗೆ ಗೇಣುಗೇಣಿಗೂ ಬಡಿಯುತ್ತಾ ಹೋದರು. ಟಕ್, ಟಕ್, ಟಕ್. ಒಂದು ಕಡೆ ಸದ್ದು ಮಂದವಾಯಿತು. ಮತ್ತೆ ಬಡಿದರು, ಕಿವಿ ಇಟ್ಟರು. ಹಳೇ ರಿಪೇರಿ, ಅಂಗೈಯಷ್ಟು ಅಗಲ. ತೊಂದರೆ ಇಲ್ಲ ಎಂದರು. ಎಂಜಿನ್ ಕೂರಿಸುವ ಹಿಂದಿನ ಹಲಗೆಯ ಹತ್ತಿರ ಜಾಸ್ತಿ ಹೊತ್ತು ಕೂತರು. ಅದು ಹೊರಗಡೆ ಫೈಬರ್, ಒಳಗೆ ಪ್ಲೈವುಡ್. ಬೋಲ್ಟಿನ ತೂತಿನಿಂದ ನೀರು ಹೋಗಿದ್ದರೆ ಒಳಗೇ ಕೊಳೆಯುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ಸ್ಕ್ರೂಡ್ರೈವರ್ ತುದಿಯನ್ನು ತೂತಿನೊಳಗೆ ಒತ್ತಿದರು. ಇಳಿಯಲಿಲ್ಲ. ಹಲಗೆ ಗಟ್ಟಿ.

ಎಂಜಿನ್ ಮನೆಯ ಜಗಲಿಯಲ್ಲಿ ಗೋಣಿ ಹೊದ್ದು ನಿಂತಿತ್ತು. "ನೀರು ಎಳೆಯುವ ಇಂಪೆಲ್ಲರ್ ಒಂದು ಹೋಗಿದೆ ತಮಾ, ಬೇರೆ ಎಂತದೂ ಇಲ್ಲ" ಎಂದರು ದೋಣಿಯ ಯಜಮಾನರು. ಅರವತ್ತು ದಾಟಿದವರು. ಮಗ ಗೋವಾದಲ್ಲಿ ಕೆಲಸಕ್ಕಿದ್ದಾನಂತೆ, ಇನ್ನು ದೋಣಿಗೆ ಹೋಗುವವರಿಲ್ಲ.

ಇಂಪೆಲ್ಲರ್ ಅಂದರೆ ಸಣ್ಣ ರಬ್ಬರ್ ಚಕ್ರ. ಅದು ಕೆಳಗಿಂದ ನೀರು ಎಳೆದು ಎಂಜಿನ್ ತಂಪು ಮಾಡುತ್ತದೆ. ಅಷ್ಟೇ ಆದರೆ ಅರ್ಧ ದಿನದ ಕೆಲಸ. ಭಾವ ಸ್ಟಾರ್ಟರ್ ಹಗ್ಗ ಮೆಲ್ಲಗೆ ಎಳೆದರು. ಕೈಗೆ ತಡೆಯೇ ಸಿಗದೆ ಸಲೀಸಾಗಿ ಬಂತು. ಕಂಪ್ರೆಷನ್, ಅಂದರೆ ಒಳಗೆ ಗಾಳಿ ಒತ್ತುವ ಶಕ್ತಿ, ಇರುವ ಎಂಜಿನ್ ಹಾಗೆ ಬಿಟ್ಟುಕೊಡುವುದಿಲ್ಲ. ಅವರು ಏನೂ ಮಾತಾಡಲಿಲ್ಲ. ಕೆಳಗಿನ ಗೇರ್ ಆಯಿಲ್ ಸ್ಕ್ರೂ ಬಿಚ್ಚಿ ಬೆರಳು ಹಿಡಿದರು. ಹಾಲು ಜಾಸ್ತಿಯಾದ ಚಹಾದ ಹಾಗೆ ಬೆಳ್ಳಗಿನ ಆಯಿಲ್ ಜಾರಿ ಬೆರಳಿಗಿಳಿಯಿತು. ಸೀಲ್ ಹೋಗಿ ಒಳಗೆ ನೀರು ಸೇರಿದೆ ಅಂತಲೇ ಅರ್ಥ. ಮೇಲಿನ ಮುಚ್ಚಳ ತೆಗೆದು ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಕೆಂಪು ತುಕ್ಕು. ಕಾರ್ಬ್ಯುರೇಟರಿನ ಸಂದಿಯಲ್ಲಿ ಬಿಳಿ ಪುಡಿ. ಮುಟ್ಟಿ ನಾಲಗೆಗೆ ಇಟ್ಟರು. ಉಪ್ಪು.

"ಅಣ್ಣ, ಎಂಜಿನ್ ಮುಳುಗಿತ್ತಾ?"

ಯಜಮಾನರು ಸ್ವಲ್ಪ ಹೊತ್ತು ನದಿಯ ಕಡೆ ನೋಡಿದರು. ಕಳೆದ ಮಳೆಗಾಲ ಅಳಿವೆಯಲ್ಲಿ, ನದಿ ಕಡಲು ಸೇರುವಲ್ಲಿ, ದೋಣಿ ಮಗುಚಿತ್ತಂತೆ. ಜನ ಈಜಿ ಬಂದರು, ಎಂಜಿನ್ ಮರುದಿನ ಸಿಕ್ಕಿತು.

"ಸಿಕ್ಕಿದ ಮೇಲೆ ಎಷ್ಟು ದಿನಕ್ಕೆ ಬಿಚ್ಚಿಸಿದಿರಿ?"

"ನಂಗೆ ಭುಜ ಪೆಟ್ಟಾಗಿತ್ತು ತಮಾ. ಎಂಟು ದಿನ ಆಸ್ಪತ್ರೆ. ಯಾರೂ ನೋಡಲಿಲ್ಲ."

ಅಲ್ಲಿಗೆ ನಮಗೆ ಬೇಕಾದ ಉತ್ತರ ಸಿಕ್ಕಿತು. ಉಪ್ಪುನೀರು ಕುಡಿದ ಎಂಜಿನ್ನನ್ನು ಮೇಲೆತ್ತಿದ ಕೂಡಲೇ ಸಿಹಿನೀರಲ್ಲಿ ತೊಳೆದು, ಆಯಿಲ್ ಹಾಕಿ, ಅದೇ ದಿನ ಓಡಿಸಿದರೆ ಬದುಕುತ್ತದೆ. ಗಾಳಿಗೆ ಬಿಟ್ಟರೆ ಬೇರಿಂಗ್, ಪಿಸ್ಟನ್ ರಿಂಗ್ ಎಲ್ಲ ತುಕ್ಕು ತಿನ್ನುತ್ತದೆ. ಎಂಟು ದಿನ ಅಂದರೆ ಮುಗಿದ ಹಾಗೆ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕೇಳಿದ ಕೂಡಲೇ ನಿಜ ಹೇಳಿದರು.

ಅವರ ಮನೆಯವರು ಗಂಜಿ, ಬಳಚಿನ ಸುಕ್ಕ ಬಡಿಸಿದರು. ಊಟ ಆದಮೇಲೆ ಭಾವ ನೋಂದಣಿ ಪತ್ರ ಕೇಳಿ, ದೋಣಿಯ ಮೂತಿಯಲ್ಲಿದ್ದ ನಂಬರಿಗೆ ಹೋಲಿಸಿದರು. ಸರಿ ಇತ್ತು. ಆಮೇಲೆ ಬಹಳ ಮೆತ್ತಗೆ ಹೇಳಿದರು: "ಎಂಜಿನ್ ಬೇಡ ಅಣ್ಣ. ದೋಣಿಗೆ ಮಾತ್ರ 75 ಸಾವಿರ ಕೊಡ್ತೇನೆ. ಎಂಜಿನ್ ಬಿಡಿಭಾಗಕ್ಕೆ ನೀವೇ ಮಾರಿಕೊಳ್ಳಿ." ಮಗನಿಗೆ ಫೋನ್ ಮಾಡಿ ತಿಳಿಸುತ್ತೇನೆ ಎಂದರು ಯಜಮಾನರು.

ವಾಪಸ್ ಬರುವಾಗ ನಾನೇ ಕೇಳಿದೆ, ಎಂಜಿನ್ ತಗೊಂಡು ರಿಪೇರಿ ಮಾಡಿಸಬಹುದಿತ್ತಲ್ಲ ಎಂದು. ಭಾವ ಇಲ್ಲ ಎಂದು ತಲೆ ಆಡಿಸಿದರು. "ದಡದಲ್ಲಿ ಓಡ್ತದೆ. ಜೂನ್ ತಿಂಗಳಲ್ಲಿ ಅಳಿವೆ ದಾಟುವಾಗ ನಿಂತರೆ? ಹಿಂದಿಂದ ತೆರೆ ಬರ್ತದೆ ಮಾರಾಯ, ಹಗ್ಗ ಎಳೀಲಿಕ್ಕೂ ಹೊತ್ತಿರುದಿಲ್ಲ. ನನ್ನ ಜೊತೆ ಇನ್ನಿಬ್ಬರು ಇರ್ತಾರೆ." ಈ ಮಳೆಗಾಲಕ್ಕೆ ಚಿಕ್ಕಪ್ಪನ ಎಂಜಿನ್ನನ್ನು ಪಾಲಿನ ಮೇಲೆ ಕೇಳುವುದು, ಹೊಸದಕ್ಕೆ ಸೊಸೈಟಿ ಸಾಲ ಹಾಕುವುದು ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕಿದರು. 18 ವರ್ಷದ ಉಳಿತಾಯ ಅದು. ಒಂದೊಂದು ಸಾವಿರವನ್ನೂ ಎರಡೆರಡು ಸಲ ಎಣಿಸುತ್ತಿದ್ದರು.

ಮರವಂತೆಯಲ್ಲಿ ನಿಲ್ಲಿಸಿದೆವು. ಸೂರ್ಯ ಮುಳುಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಆಗಲೇ ಯಜಮಾನರ ಫೋನ್ ಬಂತು. 80ಕ್ಕೆ ಒಪ್ಪುವುದಾದರೆ ನಾಳಿದ್ದೇ ಬನ್ನಿ ಎಂದರಂತೆ. ಭಾವ ಹ್ಞೂಂ ಎಂದು, ಕೂಡಲೇ ಅಕ್ಕನಿಗೆ ಫೋನ್ ಮಾಡಿದರು. ದೋಣಿ ಆಯಿತು, ಹಲಗೆ ಗಟ್ಟಿ ಇದೆ, ಪತ್ರ ಸರಿ ಇದೆ ಅಂತ ಒಂದೇ ಉಸಿರಿಗೆ ಹೇಳಿದರು. ಆ ಕಡೆಯಿಂದ ಅಕ್ಕ ಏನೋ ಕೇಳಿದಳು. ಭಾವ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದರು.

"ಬಣ್ಣ ಯಾವ್ದು ಅಂತ ಕೇಳ್ತಾಳೆ. ಯಾವ್ದು ಮಾರಾಯ?"

"ನೀಲಿ" ಎಂದೆ.