ಲೊಕೇಶನ್ ಕಳಿಸಿ ಅಂದವರಿಗೆ: ಆಗುಂಬೆಯಿಂದ ಹೆಸರಘಟ್ಟದವರೆಗೆ

ಕಾಡಿನ ಜೀವಿಯ ಫೋಟೋ ಹಾಕಿದರೆ "ಲೊಕೇಶನ್ ಕಳಿಸಿ" ಅನ್ನುವವರಿದ್ದಾರೆ, ಜಾಗ ಹಂಚಬೇಕಾ ಬೇಡವಾ ಅನ್ನುವ ಚರ್ಚೆಯೂ ಇದೆ. ಆಗುಂಬೆಗೆ ಹೊರಟಾಗ ನನ್ನ ಹತ್ತಿರ ಮ್ಯಾಪಿನ ಪಿನ್ ಯಾವುದೂ ಇರಲಿಲ್ಲ. ಒಂದು ಫೋನ್ ನಂಬರ್ ಇತ್ತು, ಅಷ್ಟೇ. ಮಲಬಾರ್ ಗುಳಿಮಂಡಲ ಹಾವಿನ ಅದ್ಭುತ ಫೋಟೋ ತೆಗೆದಿದ್ದ ಹಿರಿಯ ಗೆಳೆಯರೊಬ್ಬರನ್ನು "ಎಲ್ಲಿ ಸಿಕ್ಕಿತು?" ಅಂತ ಕೇಳಿದ್ದೆ. ಅವರು ಜಾಗ ಹೇಳಲಿಲ್ಲ. "ಈ ಹುಡುಗನಿಗೆ ಫೋನ್ ಮಾಡು, ಅವನ ಜೊತೆ ನಡಿ, ಅವನು ಬೇಡ ಅಂದ ಕಡೆ ಹೋಗಬೇಡ" ಅಂದರು. ಈಗ ಯೋಚಿಸಿದರೆ, ಫೋಟೋಗ್ರಫಿಯಲ್ಲಿ ನನಗೆ ಸಿಕ್ಕ ಒಳ್ಳೆಯ ಸಲಹೆಗಳಲ್ಲಿ ಇದೂ ಒಂದು.

ತೀರ್ಥಹಳ್ಳಿ ದಾಟುತ್ತಿದ್ದಂತೆ ಹಿಡಿದ ಮಳೆ ಊರು ತಲುಪುವವರೆಗೂ ಬಿಡಲಿಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು, ಅದರಲ್ಲೂ ಜುಲೈ. ಸೂರ್ಯಾಸ್ತದ ಜಾಗದಲ್ಲಿ ಬರೀ ಮಂಜು. ಹೋಮ್‌ಸ್ಟೇ ಯಜಮಾನರು ಬಿಸಿ ಕಷಾಯ ಕೊಟ್ಟು, ಉಂಬಳ (ಜಿಗಣೆ) ಹತ್ತದ ಹಾಗೆ ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಳ್ಳಿ ಅಂತ ಹೇಳಿ, ಹಾಗೇ ಇನ್ನೊಂದು ಮಾತು ಸೇರಿಸಿದರು: "ಕೈಗೆ ಮಾತ್ರ ಸೊಳ್ಳೆ ಔಷಧಿ ಹಚ್ಚಬೇಡಿ ಮಾರಾಯ್ರೆ, ಅದೇ ಕೈಯಲ್ಲಿ ಕಪ್ಪೆ ಮುಟ್ಟಿದರೆ ಅದು ಉಳಿಯುವುದಿಲ್ಲ." ಕಪ್ಪೆಯ ಚರ್ಮ ನೀರನ್ನೂ ಗಾಳಿಯನ್ನೂ ಒಳಗೆ ಎಳೆದುಕೊಳ್ಳುತ್ತದೆ, ನಮ್ಮ ಕೈಯಲ್ಲಿರುವ ವಿಷವನ್ನೂ ಹಾಗೆಯೇ ಎಳೆದುಕೊಳ್ಳುತ್ತದೆ. ಇದನ್ನು ಯಾವ ಪಿನ್ ಹೇಳಿಕೊಡುತ್ತದೆ?

ಊಟ ಮುಗಿಸಿ ಹೊರಟೆವು. ಅಭಯಾರಣ್ಯದ ಒಳಗೆ ರಾತ್ರಿ ಓಡಾಡುವ ಹಾಗಿಲ್ಲ, ನಾವು ನಡೆದದ್ದು ತೋಟದ ಅಂಚು ಮತ್ತು ಒಂದು ಸಣ್ಣ ಹಳ್ಳದ ದಂಡೆ, ಅದೂ ತೋಟದವರನ್ನು ಕೇಳಿಕೊಂಡೇ. ನಮ್ಮ ಗೈಡ್ ಹುಡುಗ ಟಾರ್ಚನ್ನು ಮೊದಲು ನೆಲಕ್ಕೆ ಬಿಡುತ್ತಿದ್ದ, ಆಮೇಲೆ ಮೇಲಕ್ಕೆ. ಯಾಕೆ ಅಂತ ಎರಡು ಹೆಜ್ಜೆ ಇಟ್ಟ ಮೇಲೆ ಗೊತ್ತಾಯಿತು. ಉಗುರಿನಷ್ಟು ಚಿಕ್ಕ ಕಪ್ಪೆಗಳು ದಾರಿಯ ತುಂಬಾ ಇದ್ದವು.

ನಿಂತ ನೀರಿನ ಮೇಲೆ ಬಾಗಿದ್ದ ಒಂದು ಕೊಂಬೆಯಲ್ಲಿ ಬಿಳಿ ನೊರೆಯ ಗೂಡು ಕಂಡಿತು. ಮಲಬಾರ್ ಹಾರುವ ಕಪ್ಪೆಯದ್ದು. ಹೆಣ್ಣು ಕಪ್ಪೆ ಹಿಂಗಾಲಿನಿಂದ ಕಡೆದು ಕಡೆದು ಆ ನೊರೆ ಎಬ್ಬಿಸುತ್ತದೆ, ಮೊಟ್ಟೆ ಅದರೊಳಗೆ, ಕೆಲವು ದಿನಗಳಲ್ಲಿ ಮರಿಗಳು ಕೆಳಗಿನ ನೀರಿಗೆ ತೊಟಕ್ಕನೆ ಬೀಳುತ್ತವೆ. ಆ ಹೊಂಡವೇ ಅವುಗಳ ತೊಟ್ಟಿಲು. ಅಲ್ಲಿ ಒಂದಿಷ್ಟು ಜನ ಟ್ರೈಪಾಡ್ ಊರಿ ಕೆಸರು ತುಳಿದರೆ, ಕೊಂಬೆ ಫ್ರೇಮಿಗೆ ಅಡ್ಡ ಬಂತು ಅಂತ ಬಾಗಿಸಿದರೆ, ಅಲ್ಲಿಗೆ ಆ ವರ್ಷದ ಮರಿಗಳ ಕಥೆ ಮುಗಿಯಿತು. ಕಪ್ಪೆ ಪಕ್ಕದಲ್ಲೇ ಕೂತಿತ್ತು, ಅಪ್ಪಟ ಹಸಿರು ಮೈ, ಬೆರಳುಗಳ ನಡುವೆ ಕಿತ್ತಳೆ-ಕೆಂಪು ಪೊರೆ. ದೂರದಿಂದ ಕೆಲವು ಫೋಟೋ ತೆಗೆದು ಹೊರಟೆವು.

ಗುಳಿಮಂಡಲ ಸಿಕ್ಕಿದ್ದು ಹಳ್ಳದ ಆಚೆ, ಮೊಣಕಾಲೆತ್ತರದ ಕೊಂಬೆಯ ಮೇಲೆ. ಈ ಹಾವು ಎಷ್ಟು ಬಣ್ಣಗಳಲ್ಲಿ ಬರುತ್ತದೆ ಅಂದರೆ, ಹಸಿರು, ಕಂದು, ಹಳದಿ, ಕಿತ್ತಳೆ, ಒಂದನ್ನು ನೋಡಿದವರು ಇನ್ನೊಂದನ್ನು ಬೇರೆ ಹಾವೇ ಅಂದುಕೊಳ್ಳುತ್ತಾರೆ. ನಮ್ಮದು ಪಾಚಿ ಹಿಡಿದ ತೊಗಟೆಯ ಬಣ್ಣ. ಗೈಡ್ ಹೇಳಿದ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು: "ಅಣ್ಣಾ, ಇದು ಹೋದ ವಾರವೂ ಇಲ್ಲೇ ಇತ್ತು." ಅದು ಬೇಟೆ ಅಟ್ಟಿಸಿಕೊಂಡು ಹೋಗುವ ಹಾವಲ್ಲ. ಒಂದೇ ಕಡೆ ಸುರುಳಿ ಸುತ್ತಿ ದಿನಗಟ್ಟಲೆ ಕಾಯುತ್ತದೆ, ಕಪ್ಪೆಯೋ ಓತಿಕ್ಯಾತವೋ ಹತ್ತಿರ ಬಂದಾಗ ಹಿಡಿಯುತ್ತದೆ.

ಲೊಕೇಶನ್ ಹಂಚಬೇಕಾ ಬೇಡವಾ ಅನ್ನುವ ಚರ್ಚೆಯ ಜೀವ ನನ್ನ ಪ್ರಕಾರ ಇಲ್ಲೇ ಇದೆ. ಹುಲಿ ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ನೀವು ಪಿನ್ ಹಾಕಿದರೂ ಅದು ಅಲ್ಲಿರುವುದಿಲ್ಲ. ಈ ಹಾವು ಅಲ್ಲೇ ಇರುತ್ತದೆ. ಗೂಡಿನ ಹಕ್ಕಿ ಅಲ್ಲೇ ಇರುತ್ತದೆ. ಓಡಿ ತಪ್ಪಿಸಿಕೊಳ್ಳಲಾಗದ ಜೀವದ ಜಾಗವನ್ನು ಬಹಿರಂಗವಾಗಿ ಹೇಳುವುದು, ಎಷ್ಟೇ ಒಳ್ಳೆಯ ಮನಸ್ಸಿನಿಂದ ಹೇಳಿದರೂ, ಅದನ್ನು ಹಿಡಿದುಕೊಟ್ಟ ಹಾಗೆ. ಬೆಳಕು ಸರಿ ಬೀಳಲಿ ಅಂತ ಹಾವನ್ನು ಕೋಲಿನಲ್ಲಿ ಎತ್ತಿ ಬೇರೆ ಕೊಂಬೆಗೆ ಹಾಕುವವರಿದ್ದಾರೆ. ಸುತ್ತಲಿನ ಎಲೆ ಕಡ್ಡಿ ಕಿತ್ತು ಹಿನ್ನೆಲೆ 'ಕ್ಲೀನ್' ಮಾಡುವವರಿದ್ದಾರೆ. ಆ ಎಲೆಗಳೇ ಅದಕ್ಕೆ ಮರೆ ಅಲ್ವಾ?

ಇದು ಬರೀ ಫೋಟೋದವರ ತಲೆನೋವೂ ಅಲ್ಲ. ಚೀನಾದಲ್ಲಿ 1999ರಲ್ಲಿ ಗೋನಿಯೂರೋಸಾರಸ್ ಲುಯಿ ಅನ್ನುವ ಒಂದು ಹೊಸ ಹಲ್ಲಿಯನ್ನು ವಿಜ್ಞಾನಿಗಳು ವಿವರಿಸಿದರು, ಸಿಕ್ಕ ಜಾಗದ ಸಮೇತ. ಸಾಕುಪ್ರಾಣಿ ವ್ಯಾಪಾರಕ್ಕೆ ಹಿಡಿಯುವವರು ಆ ಪ್ರಬಂಧವನ್ನೇ ದಾರಿ ಮಾಡಿಕೊಂಡು ಹೋದರು, ಮೊದಲು ಸಿಕ್ಕ ಜಾಗದಲ್ಲಿ ಆ ಹಲ್ಲಿಯೇ ಇಲ್ಲದ ಹಾಗಾಯಿತು. ಆಮೇಲೆ ಅದೇ ಗುಂಪಿನ ಹೊಸ ಹಲ್ಲಿಗಳನ್ನು ವಿವರಿಸುವಾಗ ನಿಖರ ಜಾಗ ಬರೆಯುವುದನ್ನೇ ನಿಲ್ಲಿಸಿದವರಿದ್ದಾರೆ. ಕಂಡ ಜೀವಿಗಳ ಫೋಟೋ, ಜಾಗ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಅಪಾಯದಲ್ಲಿರುವ ಜೀವಿಯ ಫೋಟೋ ಹಾಕಿದರೆ ಅದು ತಾನಾಗಿ ಜಾಗವನ್ನು ಮಸುಕು ಮಾಡಿ, ಸುತ್ತಲಿನ ದೊಡ್ಡ ಚೌಕದೊಳಗೆ ಎಲ್ಲೋ ಒಂದು ಕಡೆ ಚುಕ್ಕಿ ತೋರಿಸುತ್ತದೆ. ಹಕ್ಕಿ ನೋಡುವವರ ಇಬರ್ಡ್ ತಾಣದಲ್ಲೂ ಸೂಕ್ಷ್ಮ ಹಕ್ಕಿಗಳಿಗೆ ಇಂಥದ್ದೇ ಏರ್ಪಾಡು. ಆದರೆ ನಮ್ಮ ಫೋನಿನಲ್ಲಿ ತೆಗೆದ ಫೋಟೋದ ಫೈಲಿನೊಳಗೆ ಜಾಗದ ಜಿಪಿಎಸ್ ಗುರುತು ಕೂತಿರುತ್ತದೆ. ಲೊಕೇಶನ್ ಆಫ್ ಮಾಡದೆ ತೆಗೆದು ಮೂಲ ಫೈಲನ್ನೇ ಯಾರಿಗಾದರೂ ಕಳಿಸಿದರೆ ಬಾಯಿಬಿಟ್ಟು ಹೇಳುವ ಅಗತ್ಯವೇ ಇಲ್ಲ.

ಬೆಳಿಗ್ಗೆ ಪತ್ರೊಡೆ ತಿನ್ನುವಾಗ ಪಕ್ಕದ ಕೋಣೆಯ ಹುಡುಗರು ಫೋಟೋ ನೋಡಿ ಖುಷಿಯಿಂದ "ಸರ್, ಪಿನ್ ಕಳಿಸಿ" ಅಂದರು. ಗೈಡ್ ನಂಬರ್ ಕೊಟ್ಟೆ. ಒಬ್ಬನಿಗೆ ಬೇಜಾರಾಯಿತು. "ಕಾಡು ನಿಮ್ಮೊಬ್ಬರದಾ ಸರ್?" ಅಂದ. ಆ ಪ್ರಶ್ನೆ ನನಗೆ ಇಷ್ಟವಾಯಿತು. ಯಾಕೆಂದರೆ ಫೋಟೋಗ್ರಾಫರುಗಳಲ್ಲಿ ಇನ್ನೊಂದು ಥರದ ಗುಟ್ಟೂ ಇದೆ, ನನ್ನ ಹಾಗಿನ ಫೋಟೋ ಬೇರೆ ಯಾರಿಗೂ ಸಿಗಬಾರದು ಅನ್ನುವ ಗುಟ್ಟು. ಜಲಪಾತದ ಹೆಸರು ಮುಚ್ಚಿಡುವುದು, ಬೆಟ್ಟದ ತುದಿಯನ್ನು ಸ್ವಂತ ಆಸ್ತಿಯ ಹಾಗೆ ಕಾಯುವುದು. ಅದನ್ನು ನಾನು ಒಪ್ಪುವುದಿಲ್ಲ. ಅದರಿಂದ ಕಾಡಿಗೆ ಏನೂ ಲಾಭವಿಲ್ಲ, ಹೊಸಬರಿಗೆ ನೋವು ಮಾತ್ರ. ಅವನಿಗೆ ಹೇಳಿದೆ, "ನಿನಗೂ ಕಾಣಬೇಕು, ಅದಕ್ಕೇ ನಂಬರ್ ಕೊಟ್ಟೆ. ಆ ಹಾವು ಎಷ್ಟು ಜನರನ್ನು ತಡೆದುಕೊಳ್ಳುತ್ತದೆ ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವನಿಗೆ ಗೊತ್ತು." ಆ ರಾತ್ರಿ ಅವರು ಅದೇ ಗೈಡ್ ಜೊತೆ ಹೋದರು. ಅವನಿಗೂ ನಾಲ್ಕು ಕಾಸು ಸಿಕ್ಕಿತು. ಊರಿನ ಹುಡುಗನೊಬ್ಬ ಕೆಲಸಕ್ಕೆ ಬೆಂಗಳೂರಿಗೆ ಓಡದೆ ಊರಲ್ಲೇ ಉಳಿಯಲು ಇದೂ ಒಂದು ದಾರಿ, ಇದನ್ನು ಸಣ್ಣ ವಿಷಯ ಅಂತ ನಾನು ಎಣಿಸುವುದಿಲ್ಲ.

ವಾಪಸ್ ಬರುವಾಗ ಶೃಂಗೇರಿ, ಬಾಳೆಹೊನ್ನೂರು ಮೇಲೆ ಚಿಕ್ಕಮಗಳೂರಿಗೆ ಬಂದೆವು. ಮುಳ್ಳಯ್ಯನಗಿರಿ, 1,930 ಮೀಟರ್, ಕರ್ನಾಟಕದ ಅತಿ ಎತ್ತರದ ಬೆಟ್ಟ. ಇದನ್ನು ಗುಟ್ಟು ಮಾಡಿ ಪ್ರಯೋಜನವಿಲ್ಲ, ಶಾಲೆಯ ಪುಸ್ತಕದಲ್ಲೇ ಇದೆ. ಇಲ್ಲಿ ಬೇಕಾದದ್ದು ಲೆಕ್ಕ, ಅದಕ್ಕೇ ಈಗ ಗಾಡಿಗಳಿಗೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಂತಿಷ್ಟು ಅಂತ ಮಿತಿ ಬಂದಿದೆ. ಒಳ್ಳೆಯದೇ ಆಯಿತು. 2022ರಲ್ಲಿ ಈ ಚಂದ್ರದ್ರೋಣ ಬೆಟ್ಟಗಳ ಮೇಲೆ ನೀಲಕುರಿಂಜಿ ಅರಳಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಅರಳಿ, ಬೀಜ ಬಿಟ್ಟು, ಗಿಡವೇ ಸಾಯುತ್ತದೆ. ಅಂದರೆ ಆ ಬೀಜ ನೆಲಕ್ಕೆ ಬಿದ್ದರೆ ಮಾತ್ರ 2034ರಲ್ಲಿ ಮತ್ತೆ ಹೂವು. ಹೂವು ಅರಳಿದ ಫೋಟೋ ಹರಿದಾಡಿದ್ದೇ ತಡ, ಜನಸಾಗರ. ಗಿಡಗಳ ನಡುವೆ ನುಗ್ಗಿ, ಹೂ ಕಿತ್ತು, ಮುಡಿದು ಫೋಟೋ ತೆಗೆಸಿಕೊಂಡರು. ಬೀಜ ಕಟ್ಟುವ ಮೊದಲೇ ಹೂ ಕಿತ್ತರೆ ಮುಂದಿನ ಹನ್ನೆರಡು ವರ್ಷಕ್ಕೆ ಏನು ಉಳಿಯುತ್ತದೆ ಹೇಳಿ. ಜಾಗ ಎಲ್ಲರಿಗೂ ಗೊತ್ತಿತ್ತು, ಗಿಡ ಹೇಗೆ ಬದುಕುತ್ತದೆ ಅನ್ನುವುದು ಗೊತ್ತಿರಲಿಲ್ಲ. ಫೋಟೋ ಹಾಕಿದವರಲ್ಲಿ ಎಷ್ಟು ಜನ ಆ ಎರಡು ಸಾಲು ಬರೆದಿದ್ದರು? ನನಗೆ ಇವತ್ತಿಗೂ ಅದು ಸಂಕಟದ ವಿಷಯ.

ತುಮಕೂರು ಕಡೆಯಿಂದ ಬೆಂಗಳೂರಿಗೆ ಬರುವಾಗ, ಇನ್ನೂ ಬೆಳಕಿದೆ ಅಂತ ಹೆಸರಘಟ್ಟದ ಹುಲ್ಲುಗಾವಲಿನ ಕಡೆ ತಿರುಗಿಸಿದೆವು. ಸುಮ್ನೆ ನೋಡಿದರೆ ಏನೂ ಇಲ್ಲ, ಬರೀ ಹುಲ್ಲು. ಇಲ್ಲಿ ಮಾತ್ರ ಗುಟ್ಟು ಮಾಡಿದ್ದರೆ ಜಾಗವೇ ಕೈತಪ್ಪುತ್ತಿತ್ತು ಅಂತ ನಾನು ಬಲವಾಗಿ ನಂಬಿದ್ದೇನೆ. ಸರ್ಕಾರಿ ಕಾಗದದಲ್ಲಿ ಇಂಥ ಜಾಗಕ್ಕೆ ಪಾಳುಭೂಮಿ ಅನ್ನುವ ಹೆಸರು ಬೀಳುವುದು ಸುಲಭ. ಫಿಲ್ಮ್ ಸಿಟಿ ಕಟ್ಟುವ ಮಾತೂ ಆಗಿತ್ತು. ಹಕ್ಕಿ ನೋಡುವವರು, ಫೋಟೋ ತೆಗೆಯುವವರು ವರ್ಷಗಟ್ಟಲೆ ಇಲ್ಲಿಯ ಫೋಟೋಗಳನ್ನು ಊರಿಗೆಲ್ಲ ತೋರಿಸಿದರು, ಚಳಿಗಾಲಕ್ಕೆ ದೂರದೇಶದಿಂದ ಬರುವ ಹ್ಯಾರಿಯರ್ ಅನ್ನುವ ಬೇಟೆಹಕ್ಕಿಗಳು, ಬಹಳ ಅಪರೂಪದ ಲೆಸ್ಸರ್ ಫ್ಲೋರಿಕನ್ ಅನ್ನುವ ಹುಲ್ಲುಗಾವಲಿನ ಹಕ್ಕಿ ಕೂಡ ಕಂಡದ್ದು. ಸುಮಾರು 5,000 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಳ್ಳಿಹಾಕಿತ್ತು. ವಿಷಯ ಹೈಕೋರ್ಟಿಗೆ ಹೋಯಿತು, ಮರುಪರಿಶೀಲನೆ ಆಯಿತು, ಕೊನೆಗೆ ಮಂಡಳಿಯ ಒಪ್ಪಿಗೆ ಸಿಕ್ಕಿತು. ಆ ಫೋಟೋಗಳು ಯಾರದೋ ಹಾರ್ಡ್ ಡಿಸ್ಕಿನಲ್ಲಿ ಗುಟ್ಟಾಗಿ ಕೂತಿದ್ದರೆ ಇಲ್ಲಿ ಉಳಿಸುವಂಥದ್ದು ಏನಿದೆ ಅಂತ ಯಾರಿಗೆ ಗೊತ್ತಾಗುತ್ತಿತ್ತು?

ಹಾಗಾಗಿ ಹೆಸರಘಟ್ಟದ ಹೆಸರನ್ನು ನಾನು ಪ್ರತಿ ಫೋಟೋದ ಕೆಳಗೂ ಬರೆಯುತ್ತೇನೆ, ಗೂಡಿನ ಜಾಗ ಬಿಟ್ಟು. ಆಗುಂಬೆಯ ಹಾವಿನ ಫೋಟೋಗೆ 'ಪಶ್ಚಿಮ ಘಟ್ಟ, ಮಳೆಗಾಲ' ಅಂತ ಮಾತ್ರ. ಕೇಳಿದವರಿಗೆ ಗೈಡ್ ಒಪ್ಪಿದರೆ ಅವನ ನಂಬರ್. ಹೆಸರಘಟ್ಟಕ್ಕೆ ಹೋಗುವುದಾದರೆ ಡಿಸೆಂಬರ್, ಜನವರಿಯಲ್ಲಿ ಬೆಳ್ಳಂಬೆಳಿಗ್ಗೆ ಹೋಗಿ. ಗಾಡಿಯನ್ನು ರಸ್ತೆಯಲ್ಲೇ ಬಿಡಿ, ಹುಲ್ಲಿನ ಮೇಲೆ ಹತ್ತಿಸಬೇಡಿ. ನೆಲಗುಬ್ಬಿ, ಟಿಟ್ಟಿಭಗಳು ಮೊಟ್ಟೆ ಇಡುವುದು ಬರೀ ನೆಲದ ಮೇಲೆ, ಪಕ್ಕದಲ್ಲೇ ನಿಂತರೂ ಕಣ್ಣಿಗೆ ಬೀಳುವುದಿಲ್ಲ.